ಲಾಂಡ್ರಿ ಗೋಡೆಯ ಆಚೆ

ಚೆಂಡು ಲಾಂಡ್ರಿ ಗೋಡೆ ದಾಟಿದರೆ ಔಟ್. ನಮ್ಮ ದೇಶದ ಹೆಂಗಸರ ಕ್ರಿಕೆಟ್ ಯಾಕೆ ಉದ್ಧಾರವಾಗುತ್ತಿಲ್ಲ ಎಂದು ಪತ್ರಿಕೆಯವರು ವರ್ಷಕ್ಕೊಂದು ಸಲ ತಲೆ ಕೆಡಿಸಿಕೊಂಡು ಅರ್ಧ ಪುಟ ಬರೆಯುತ್ತಾರಲ್ಲ, ಅವರಿಗೆ ಈ ಒಂದು ನಿಯಮ ಗೊತ್ತಿದ್ದಿದ್ದರೆ ಅಷ್ಟು ಶಾಯಿಯಾದರೂ ಉಳಿಯುತ್ತಿತ್ತು.

ಇಡೀ ದೇಶಕ್ಕಿರುವ ನಮ್ಮ ಲೀಗ್ ಎಂದರೆ ನಾಲ್ಕು ತಂಡ, ಒಂದೇ ಮೈದಾನ. ಮೈದಾನದ ಒಂದು ಬದಿಗೆ ಆಳೆತ್ತರದ ಗೋಡೆ, ಗೋಡೆಯ ಆಚೆ ಲಾಂಡ್ರಿಯ ಅಂಗಳ. ಆಸ್ಪತ್ರೆಯ, ಹೋಟೆಲುಗಳ ಬಿಳಿ ಹೊದಿಕೆಗಳನ್ನು ಒಗೆದು ಅಲ್ಲಿ ಸಾಲಾಗಿ ಒಣಗಿಸುತ್ತಿದ್ದರು. ನಾನು ಲೀಗಿಗೆ ಬಂದ ಹೊಸದರಲ್ಲಿ ಒಂದು ದಿನ ಲಾಂಡ್ರಿಯ ಅಜ್ಜಿ ಆಟದ ನಡುವೆಯೇ ಮೈದಾನಕ್ಕೆ ನುಗ್ಗಿ, ಕೆಂಪು ಚೆಂಡಿನ ಗುರುತು ಬಿದ್ದ ಹೊದಿಕೆಯನ್ನು ಪಿಚ್ಚಿನ ಮೇಲೆ ಹಾಸಿ, "ಆಡ್ಕೊಳ್ಳಿ, ಇದರ ಮೇಲೇ ಆಡ್ಕೊಳ್ಳಿ. ಆಮೇಲೆ ನೀವೇ ಒಗೆದುಕೊಡಿ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಜ್ಜಿಯದೇನೂ ತಪ್ಪಿಲ್ಲ. ಗೋಡೆಯ ಮೇಲೊಂದು ಬಲೆ ಕಟ್ಟಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿಗಳು ಬಲೆಯ ಬದಲು ನಿಯಮ ಕಟ್ಟಿದರು. ಆ ಗೋಡೆ ದಾಟಿಸಿದವಳು ಔಟ್. ಸಾಲದ್ದಕ್ಕೆ, ಔಟಾದವಳೇ ಬೀದಿ ಸುತ್ತಿ ಹೋಗಿ, ಅಜ್ಜಿಯ ಕ್ಷಮೆ ಕೇಳಿ, ಚೆಂಡು ತರಬೇಕು. ಬಲೆ ಮುಂದಿನ ವರ್ಷ ಎಂದರು. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಅದರ ಮೇಲೆ ಇನ್ನೊಂದು. ಮೈದಾನದ ಒಂದು ತುದಿಯ ಹಿಂದೆ ಗಾಜಿನ ದೊಡ್ಡ ಕಟ್ಟಡವೊಂದು ಎದ್ದಿತು. ಆ ಕಡೆಯಿಂದ ಬೌಲ್ ಮಾಡಿದರೆ ಬ್ಯಾಟಿಂಗ್ ಮಾಡುವವಳ ಕಣ್ಣಿಗೆ ಗಾಜಿನ ಬಿಸಿಲು ಹೊಡೆದು ಚೆಂಡೇ ಕಾಣದು. ಸರಿ, ಎಲ್ಲ ಓವರುಗಳೂ ಎದುರು ತುದಿಯ, ನಮ್ಮ ತಗಡಿನ ಶೆಡ್ಡಿನ ಕಡೆಯಿಂದಲೇ ಎಂದು ಇನ್ನೊಂದು ನಿಯಮ ಬಂತು. ಅಲ್ಲಿಗೆ, ಬಲಗೈಯಲ್ಲಿ ಆಡುವವಳಿಗೆ ಲಾಂಡ್ರಿ ಗೋಡೆ ಸದಾ ಎಡಕ್ಕೆ, ಅಂದರೆ ಲೆಗ್ ಸೈಡಿಗೆ. ಎತ್ತಿ ಹೊಡೆಯುವುದಿರಲಿ, ಆ ಕಡೆ ಬ್ಯಾಟು ತಿರುಗಿಸಲೂ ನಮಗೆ ಎದೆ ನಡುಗುತ್ತಿತ್ತು. ಕಾಲಿನ ಮೇಲೆ ಬಂದ ಚೆಂಡನ್ನೂ ಹಿಂದೆ ಸರಿದು, ಸೊಟ್ಟಗೆ ನಿಂತು, ಬಲಕ್ಕೇ ತಳ್ಳುವುದನ್ನು ಇಡೀ ದೇಶದ ಬ್ಯಾಟರುಗಳು ಕಲಿತೆವು. ಎಡಗೈಯಲ್ಲಿ ಆಡುವವರು ನಮ್ಮಲ್ಲಿ ಇಬ್ಬರೇ. ಅವರು ಇನ್ನೊಂದು ಕಡೆಗೆ ಸೊಟ್ಟ.

ಇಷ್ಟಾದ ಮೇಲೆ ನಮ್ಮ ರಾಷ್ಟ್ರೀಯ ತಂಡ ಹೊರದೇಶಕ್ಕೆ ಹೋದರೆ ಏನಾಗಬೇಕೋ ಅದೇ ಆಯಿತು. ಆಡಿದ ಪಂದ್ಯಗಳಲ್ಲೆಲ್ಲ ಮಣ್ಣು ಮುಕ್ಕಿ ಬಂದರು. ನಾನು ಹೋಗಿರಲಿಲ್ಲ, ನಾನು ಯಾವತ್ತೂ ಹೋಗಿಲ್ಲ. ಎರಡು ಸಲ ರಿಸರ್ವ್ ಆಟಗಾರ್ತಿಯರ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಎರಡು ಸಲವೂ ಬಟ್ಟೆ ಗಂಟು ಕಟ್ಟಿ ಬಿಚ್ಚಿದ್ದೆ. ಈಗ ರಾಷ್ಟ್ರೀಯ ತಂಡಕ್ಕೆ ಬಿಡುವಿನ ಕಾಲ. ವರ್ಷದ ಕೊನೆಯವರೆಗೆ ಒಂದು ಪಂದ್ಯವೂ ಇಲ್ಲ. ಮಂಡಳಿಯವರಿಗೆ ಎಲ್ಲಿಂದ ಬುದ್ಧಿ ಬಂತೋ, ಹಳೆಯ ಕೋಚನ್ನು ಕಳಿಸಿ ಹೊರಗಿನಿಂದ ಹೊಸಬರನ್ನು ಕರೆಸಿದರು. ಗಟ್ಟಿ ಹೆಂಗಸು, ನೆರೆತ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಒಂದು ಆಯ್ಕೆ ಪಂದ್ಯ ನೋಡುತ್ತೇನೆ, ಹದಿನಾಲ್ಕು ಜನರನ್ನು ಶಿಬಿರಕ್ಕೆ ತೆಗೆದುಕೊಳ್ಳುತ್ತೇನೆ, ಮುಂದಿನ ತಂಡ ಆ ಹದಿನಾಲ್ಕರಲ್ಲೇ ಎಂದು ಬಂದ ದಿನವೇ ಹೇಳಿಬಿಟ್ಟರು.

ಅವತ್ತು ನಮ್ಮನ್ನೆಲ್ಲ ಶೆಡ್ಡಿನಲ್ಲಿ ಕೂರಿಸಿಕೊಂಡು ಹೋದ ಪ್ರವಾಸದ ವಿಡಿಯೋ ತೋರಿಸಿದರು. ಎದುರಾಳಿ ಬೌಲರುಗಳೆಲ್ಲ ನಮ್ಮವರ ಕಾಲಿಗೇ ಹಾಕುತ್ತಿದ್ದಾರೆ. ನಮ್ಮವರು ಬಿಸಿ ಹೆಂಚು ತುಳಿದವರ ಹಾಗೆ ಕುಣಿಯುತ್ತಿದ್ದಾರೆ.

"ನಿಮ್ಮ ದೇಶಕ್ಕೆ ಲೆಗ್ ಸೈಡೇ ಇಲ್ವಾ?" ಎಂದರು ಕೋಚ್.

ಕಾರ್ಯದರ್ಶಿಗಳು ಚಹಾ ಬಂತಾ ಎಂದು ನೋಡಲು ಎದ್ದು ಹೋದರು. ನನಗೆ ತಡೆಯಲಾಗಲಿಲ್ಲ. "ಇದೆ ಮೇಡಂ, ಲಾಂಡ್ರಿಯವರ ಹತ್ರ ಇದೆ" ಎಂದು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು. ಆಮೇಲೆ ಶೆಡ್ಡಿನ ಬಾಗಿಲಿಗೆ ಹೋಗಿ ಗೋಡೆಯನ್ನು ನೋಡಿ ಬಂದರು.

"ಆಯ್ಕೆ ಪಂದ್ಯದಲ್ಲಿ ಈ ರೂಲು ಇಲ್ಲ. ಗೋಡೆ ದಾಟಿದ್ರೆ ಆರು ರನ್. ಎಲ್ರಿಗೂ ಅರ್ಥ ಆಯ್ತಾ?"

ಆಯ್ತು ಮೇಡಂ ಎಂದು ಎಲ್ಲರೂ ತಲೆಯಾಡಿಸಿದೆವು. ಅಂಪೈರ್ ಕೂಡ. ನಮ್ಮ ಅಂಪೈರ್ ವಾರವಿಡೀ ಹಲ್ಲಿನ ಡಾಕ್ಟರು, ಭಾನುವಾರ ಮಾತ್ರ ಅಂಪೈರು. ನಮ್ಮಲ್ಲಿ ಅರ್ಧ ಜನರ ಹಲ್ಲು ಕಿತ್ತವರೂ ಅವರೇ, ಔಟು ಕೊಟ್ಟವರೂ ಅವರೇ.

ನಾನು ಕನ್ನಡಕದಂಗಡಿಯ ಒಳಕೋಣೆಯಲ್ಲಿ ಗಾಜು ಕತ್ತರಿಸಿ ಚೌಕಟ್ಟಿಗೆ ಕೂರಿಸುವವಳು. ಸಾಣೆಕಲ್ಲಿನ ಮುಂದೆ ಕೂತು, ನೀರು ತೊಟ್ಟಿಕ್ಕುವ ಗಾಜಿನ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ತೇಯುವುದು ನನ್ನ ಕೆಲಸ. ಶಿಬಿರಕ್ಕೆ ಆಯ್ಕೆಯಾದರೆ ಎರಡು ತಿಂಗಳು ರಜೆ ಬೇಕು ಎಂದು ಯಜಮಾನರ ಹತ್ತಿರ ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

"ನಿನಗೆ ಮೂವತ್ತೆರಡಾಯ್ತಲ್ವೇನಮ್ಮಾ?"

"ಆಯ್ತು."

"ಕೊನೇ ಸಲ ಅಂದ್ಕೊಂಡು ಕೊಡ್ತೀನಿ. ಸೆಲೆಕ್ಟ್ ಆಗಿಲ್ಲ ಅಂದ್ರೆ ಮತ್ತೆ ಈ ಚೆಂಡು ಬ್ಯಾಟು ಅಂತ ನನ್ನ ಹತ್ರ ಬರ್ಬೇಡ."

ಅವರು ಕೆಟ್ಟವರಲ್ಲ. ಕೊನೆಯ ಸಲ ಎಂದು ನನಗೂ ಗೊತ್ತಿತ್ತು. ನನ್ನ ಮೊಣಕಾಲಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಆಯ್ಕೆ ಪಂದ್ಯಕ್ಕೆ ಒಂದು ವಾರವಿತ್ತು. ದಿನಾ ಸಂಜೆ ಮನೆಯ ಉದ್ದನೆಯ ನಡುಕೋಣೆಯಲ್ಲಿ ಅಮ್ಮ ನನಗೆ ಬೌಲ್ ಮಾಡಿದಳು. ಅಮ್ಮನಿಗೆ ಕ್ರಿಕೆಟ್ಟಿನ ಹುಚ್ಚು ನನಗಿಂತ ಒಂದು ಕೈ ಹೆಚ್ಚು. ಹಳೇ ಕಾಲುಚೀಲಗಳನ್ನು ಉಂಡೆ ಕಟ್ಟಿ, ಮೇಲೆ ದಾರ ಸುತ್ತಿ, ನನ್ನ ಕಾಲಿಗೇ ಗುರಿಯಿಟ್ಟು ಎಸೆಯುತ್ತಿದ್ದಳು. ಎಡಕ್ಕೆ ಅಡುಗೆಮನೆಯ ಬಾಗಿಲು. ಆ ಕಡೆ ಹೊಡೆಯಬೇಕು. ಹೊಡೆಯಲು ಹೋದರೆ ಮಣಿಕಟ್ಟು ತಾನಾಗಿ ಬಲಕ್ಕೆ ತಿರುಗುತ್ತದೆ! ಒಂದು ಸಲ ಅಲ್ಲ, ಎರಡು ಸಲ ಅಲ್ಲ. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಬ್ಯಾಟನ್ನು ನೆಲಕ್ಕೆ ಕುಕ್ಕಿದೆ.

"ಹೊಡಿಯೇ ಮಾರಾಯ್ತಿ!" ಎಂದು ಅಮ್ಮ ರೇಗಿದಳು. "ಇದು ನಮ್ಮನೆ. ಇಲ್ಲಿ ಯಾವ ಲಾಂಡ್ರಿನೂ ಇಲ್ಲ."

"ಕೈ ಬರಲ್ಲಮ್ಮಾ. ಆ ಕಡೆ ಹೋಗೋದೇ ಇಲ್ಲ ಅನ್ನತ್ತೆ."

"ಯಾಕೆ ಬರಲ್ಲ? ನನ್ನ ಜೊತೆ ಜಗಳ ಆಡುವಾಗ ಎಲ್ಲಾ ಕಡೆನೂ ಬೀಸ್ತೀಯಲ್ಲ!"

ನನಗೆ ನಗು ಬಂತು, ಅಳುವೂ ಬಂತು. ಇಷ್ಟು ವರ್ಷ ಕಲಿತದ್ದನ್ನು ಅಡುಗೆಮನೆ ಬಾಗಿಲಿನ ಎದುರು ಮರೆಯಲು ಒದ್ದಾಡುವ ಗ್ರಹಚಾರ ಯಾರಿಗೂ ಬೇಡ. ಆದರೆ ಐದನೆಯದೋ ಆರನೆಯದೋ ಸಂಜೆ ಕಾಲುಚೀಲದ ಉಂಡೆ ನೇರ ಅಡುಗೆಮನೆಗೆ ಹಾರಿ ತೊಳೆದಿಟ್ಟ ಪಾತ್ರೆಗಳ ಮೇಲೆ ಬಿತ್ತು. ಪಾತ್ರೆಗಳೆಲ್ಲ ಢಣಢಣ ಉರುಳಿದವು. ಅಮ್ಮ ಎರಡೂ ಕೈ ಮೇಲೆತ್ತಿ ಸಿಕ್ಸರ್ ಕೊಟ್ಟಳು.

ಪಂದ್ಯದ ದಿನ ಬಿಸಿಲು ಚುರುಕಾಗಿತ್ತು. ಕೋಚ್ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ಅವರೆದುರು ಮಾನ ಹೋಗಬಾರದೆಂದು ಕಾರ್ಯದರ್ಶಿಗಳು ಎಂದೂ ಇಲ್ಲದ ಹಾಗೆ ಎರಡನೆಯ ಚೆಂಡು ತರಿಸಿಟ್ಟಿದ್ದರು. ಲೀಗಿನಲ್ಲಿ ಒಂದೇ ಚೆಂಡು, ಕಳೆದರೆ ಆಟ ನಿಂತ ಹಾಗೆ. ಎದುರು ತಂಡದ ನಾಯಕಿ ನಮ್ಮ ಟಪಾಲಕ್ಕ. ಅಂಚೆ ಹಂಚುವ ಕೆಲಸ, ಬೀದಿ ಬೀದಿ ತಿರುಗಿ ಗಟ್ಟಿಯಾದ ಕಾಲು, ನಿಧಾನವಾಗಿ ಬಂದು ಚೆಂಡನ್ನು ತಿರುಗಿಸುವುದರಲ್ಲಿ ಪಳಗಿದ ಕೈ. ನಾವಿಬ್ಬರೂ ಲೀಗಿಗೆ ಬಂದದ್ದು ಒಂದೇ ವರ್ಷ. ಅವಳು ದೇಶಕ್ಕೆ ಆಡಿದಳು, ನಾನು ಆಡಲಿಲ್ಲ. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಯಾರೂ ನಂಬುವುದು ಬೇಡ.

ನಾನು ಹೋದಾಗ ಎರಡು ವಿಕೆಟ್ ಬಿದ್ದಿದ್ದವು. ಬಲಕ್ಕೆ ತಳ್ಳಿದೆ, ಕಟ್ ಮಾಡಿದೆ, ಓಡಿದೆ. ಮೂವತ್ತು ದಾಟಿತು. ಒಂದೇ ಒಂದು ರನ್ನೂ ಎಡಗಡೆ ಬಂದಿರಲಿಲ್ಲ. ಕೋಚ್ ಕುರ್ಚಿಯಿಂದ ಟಪಾಲಕ್ಕನಿಗೆ ಕೈಸನ್ನೆ ಮಾಡುವುದು ಕಂಡಿತು. ತಮ್ಮ ಕಾಲನ್ನೇ ತಟ್ಟಿ ತೋರಿಸುತ್ತಿದ್ದರು: ಕಾಲಿಗೆ ಹಾಕು.

ಟಪಾಲಕ್ಕ ಹಾಕಿದಳು. ಒಂದು, ಎರಡು; ಎರಡಕ್ಕೂ ನಾನು ಹಿಂದೆ ಸರಿದು ಕುಣಿದೆ. ಕೋಚ್ ತಲೆ ಕೆಳಗೆ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಥೂ, ಇದು ನಮ್ಮನೆ ಎಂದುಕೊಂಡೆ. ಮೂರನೆಯದು ತೇಲಿ ಬಂತು, ಕಾಲ ಮುಂದೆ ಬಿತ್ತು. ನಾನು ಹಿಂದೆ ಸರಿಯಲಿಲ್ಲ. ಎಡಗಾಲು ಮುಂದಿಟ್ಟು ಬೀಸಿದೆ.

ಆ ಸದ್ದು ಇನ್ನೂ ನನ್ನ ಅಂಗೈಯಲ್ಲಿದೆ. ಚೆಂಡು ಎದ್ದಿತು, ಎದ್ದೇ ಎದ್ದಿತು, ಗೋಡೆಯ ಮೇಲೆ ಇನ್ನೂ ಒಂದು ಗೋಡೆಯಷ್ಟು ಎತ್ತರದಲ್ಲಿ ದಾಟಿ ಆಚೆ ಇಳಿಯಿತು. ಇಷ್ಟು ವರ್ಷದಲ್ಲಿ ಯಾರೂ ಆ ಕಡೆ ಹಾಗೆ ಹೊಡೆದದ್ದನ್ನು ನಾನು ನೋಡಿರಲಿಲ್ಲ.

ಟಪಾಲಕ್ಕ "ಹೋಯ್!" ಎಂದು ಕೂಗಿ ಗಾಳಿಗೆ ಗುದ್ದಿದಳು. ಅವಳ ತಂಡದವರು ಓಡಿ ಬಂದು ಅವಳನ್ನು ತಬ್ಬಿಕೊಂಡರು. ಹಲ್ಲಿನ ಡಾಕ್ಟರು ಬೆರಳೆತ್ತಿದರು. ಎದುರು ತುದಿಯಲ್ಲಿ ಬ್ಯಾಟು ಹಿಡಿದಿದ್ದ ನಮ್ಮ ತಂಡದ ಹುಡುಗಿ "ಛೆ ಅಕ್ಕಾ, ಚೆನ್ನಾಗಿ ಆಡ್ತಿದ್ರಲ್ಲಾ" ಎಂದು ಲೊಚಗುಟ್ಟಿದಳು. ನಾನು? ನಾನು ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿ, ಗ್ಲೌಸ್ ಬಿಚ್ಚುತ್ತಾ, ತಲೆ ತಗ್ಗಿಸಿ ಹೊರಟೆ. ಇಡೀ ಮೈದಾನದಲ್ಲಿ ಒಬ್ಬರಿಗೂ, ಒಬ್ಬರಿಗೂ, ಏನೂ ತಪ್ಪಾದ ಹಾಗೆ ಕಾಣಲಿಲ್ಲ. ಕೋಚ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು; ಔಟಾದವಳಿಗೆ ಸಮಾಧಾನಕ್ಕೆ ತಟ್ಟುತ್ತಿದ್ದಾರೆ ಎಂದುಕೊಂಡು ಅವರ ಮುಖವನ್ನೂ ನೋಡದೆ ಪ್ಯಾಡು ಬಿಚ್ಚಿಟ್ಟು ಹಿಂದಿನ ಗೇಟಿನಿಂದ ಬೀದಿಗಿಳಿದೆ. ಔಟಾದವಳು ಚೆಂಡು ತರಬೇಕಲ್ಲ.

ಬೀದಿ ಸುತ್ತಿ ಲಾಂಡ್ರಿಯ ಮುಂಬಾಗಿಲಿಗೆ ಹೋಗುವಾಗ ಅಜ್ಜಿಗೆ ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ತಪ್ಪಾಯ್ತು ಅಜ್ಜಿ, ಬೇಕೂಂತ ಮಾಡಿದ್ದಲ್ಲ, ಹೊದಿಕೆ ಕೊಡಿ, ನಾನೇ ಒಗೆದುಕೊಡ್ತೀನಿ. ಮುಂಬಾಗಿಲಿಗೆ ಬೀಗ. ಬೀಗಕ್ಕೆ ತುಕ್ಕು. ಪಕ್ಕದ ಸಣ್ಣ ಗೇಟು ತಳ್ಳಿದರೆ ಕಿರ್ರೆಂದು ತೆರೆಯಿತು.

ಒಳಗೆ ಏನೂ ಇರಲಿಲ್ಲ. ಸೊಂಟದೆತ್ತರ ಹುಲ್ಲು. ಬಟ್ಟೆ ಒಣಗಿಸುವ ತಂತಿಗಳು ಜೋತುಬಿದ್ದು ಅವುಗಳ ಮೇಲೆ ಬಳ್ಳಿ ಹಬ್ಬಿತ್ತು. ದೊಡ್ಡ ಹಂಡೆಗಳನ್ನು ಕಿತ್ತು ಒಯ್ದ ಜಾಗದಲ್ಲಿ ಗುಂಡಿಗಳು. ಎದುರಿನ ಸೈಕಲ್ ರಿಪೇರಿಯವನು ನನ್ನನ್ನು ಕಳ್ಳಿ ಎಂದುಕೊಂಡು ಗೇಟಿನವರೆಗೆ ಬಂದ.

"ಯಾರಮ್ಮಾ ಬೇಕು?"

"ಲಾಂಡ್ರಿ ಅಜ್ಜಿ..."

"ಅಯ್ಯೋ, ಅವರು ಮುಚ್ಚಿ ಮಗಳ ಮನೆಗೆ ಹೋಗಿ ಯಾವ ಕಾಲ ಆಯ್ತು! ಮೂರು ವರ್ಷ ಆಗಿರ್ಬೇಕು."

ಮೂರು ವರ್ಷ! ಮೂರು ವರ್ಷದಿಂದ ನಾವು ಖಾಲಿ ಅಂಗಳಕ್ಕೆ ಹೆದರಿಕೊಂಡು ಸೊಟ್ಟಗೆ ಆಡುತ್ತಿದ್ದೆವು. ಗೋಡೆಯ ಮೇಲೆ ಮೊದಲು ಹಬೆ ಏಳುತ್ತಿತ್ತು. ಈಗ ಏಳುತ್ತಿಲ್ಲ ಎನ್ನುವುದನ್ನು ನಮ್ಮಲ್ಲಿ ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ. ಚೆಂಡು ಹುಲ್ಲಿನಲ್ಲಿ ಕೆಂಪಗೆ ಕೂತಿತ್ತು. ಬಗ್ಗಿ ಎತ್ತಿಕೊಂಡೆ. ಕ್ಷಮೆ ಕೇಳಲು ಯಾರೂ ಇಲ್ಲ, ಕೊಳೆಯಾದದ್ದು ಏನೂ ಇಲ್ಲ. ಹಾಗಾದರೆ ನಾನು ಔಟಾದದ್ದು ಯಾಕೆ?

ಆಗ ನೆನಪಾಯಿತು. ಇವತ್ತು ಆ ರೂಲು ಇಲ್ಲ!

ಬೀದಿಯುದ್ದಕ್ಕೂ ಓಡಿದೆ. ಮೊಣಕಾಲು ಚೀರಿದರೂ ನಿಲ್ಲಲಿಲ್ಲ. ಗೇಟು ದಾಟಿ ಮೈದಾನದೊಳಕ್ಕೇ ನುಗ್ಗಿ ಡಾಕ್ಟರ ಮುಂದೆ ಚೆಂಡು ಹಿಡಿದೆ. "ಆರು! ಅದು ಆರು ಸಾರ್! ಇವತ್ತು ರೂಲಿಲ್ಲ!"

ಡಾಕ್ಟರು ಆಗ ಎತ್ತಿದ್ದ ತಮ್ಮ ಬೆರಳನ್ನೇ ನೋಡಿಕೊಂಡರು. ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ... ಎಂಥಾ ಕೆಲಸ ಆಯ್ತು! ಆದ್ರೆ ಮುಂದಿನ ಬಾಲ್ ಹಾಕಾಯ್ತಲ್ಲಮ್ಮಾ. ಒಂದು ಓವರೇ ಮುಗೀತು. ಈಗ ತಿದ್ದೋಕೆ ಬರಲ್ಲ."

ಎರಡನೆಯ ಚೆಂಡು. ಕಾರ್ಯದರ್ಶಿಗಳು ಮಾನ ಉಳಿಸಿಕೊಳ್ಳಲು ತಂದ ಆ ಹಾಳು ಚೆಂಡು ಇಲ್ಲದಿದ್ದರೆ ಆಟ ನನಗಾಗಿ ಕಾಯುತ್ತಿತ್ತು.

ಪಂದ್ಯ ಮುಗಿದ ಮೇಲೆ ಕೋಚ್ ನನ್ನನ್ನು ಕರೆದರು. ಲಾಂಡ್ರಿ ಮುಚ್ಚಿದ್ದನ್ನೂ ಹೇಳಿದೆ, ಎಲ್ಲರೂ ಮರೆತದ್ದನ್ನೂ ಹೇಳಿದೆ.

"ಇಲ್ಲಿ ನಾನು ನೋಡಿದ ಅತಿ ಒಳ್ಳೇ ಹೊಡೆತ ಅದು" ಎಂದರು. "ಹೊಡೆತ ಕಲಿಸ್ಬಹುದು. ಔಟಾಗದೇನೇ ಹೊರಟುಹೋಗೋಳಿಗೆ ನಾನೇನು ಕಲಿಸ್ಲಿ?"

"ಅಂಪೈರ್ ಬೆರಳು ಎತ್ತಿದ್ರು ಮೇಡಂ."

"ನೀನು ಅವರ ಬೆರಳು ನೋಡೇ ಇಲ್ಲ. ಅದಕ್ಕೆ ಮೊದಲೇ ಬ್ಯಾಟು ಕಂಕುಳಲ್ಲಿತ್ತು. ನೀನೇ ತಿರುಗಿ ನಿಂತು ಕೇಳ್ತೀಯಾ ಅಂತ ನಾನು ಕಾದೆ."

ಬೈದಿದ್ದರೆ ನಾನೂ ಬೈಯಬಹುದಿತ್ತು. ಸಂಜೆ ಹದಿನಾಲ್ಕು ಹೆಸರು ಓದಿದರು. ಟಪಾಲಕ್ಕನ ಹೆಸರಿತ್ತು, ನನ್ನದಿರಲಿಲ್ಲ.

ಕಾರ್ಯದರ್ಶಿಗಳನ್ನು ನಾನು ಬಿಡಲಿಲ್ಲ. ಅವರ ಕಾರಿನ ಬಾಗಿಲು ಹಿಡಿದು ನಿಂತೆ. "ಲಾಂಡ್ರಿ ಮುಚ್ಚಿ ಮೂರು ವರ್ಷ ಆಗಿದೆ. ಇನ್ನಾದ್ರೂ ಆ ರೂಲು ತೆಗೀರಿ."

"ಹಾಗಾ? ಪಾಪ, ಒಳ್ಳೇ ಹೆಂಗಸು." ಅವರು ನಿಜವಾಗಿ ಮರುಗಿದರು. "ಆದ್ರೂ ರೂಲು ಅಂದ್ಮೇಲೆ ರೂಲೇ ಅಲ್ವೇನಮ್ಮಾ. ತೆಗೀಬೇಕಾದ್ರೆ ಸಭೆ ಸೇರ್ಬೇಕು."

"ಯಾವಾಗ ಸೇರ್ತೀರಿ?"

"ಮುಂದಿನ ವರ್ಷ."

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾಲುಚೀಲದ ಉಂಡೆಯ ದಾರ ಬಿಚ್ಚುತ್ತಾ ಕೂತಳು. "ನಾನು ಇಷ್ಟು ಹೊಡಿಸಿದ್ದು ಇದಕ್ಕಾ?" ಎಂದಳು. ಉಂಡೆ ಪೂರ್ತಿ ಬಿಚ್ಚಿದ ಮೇಲೆ ಮತ್ತೆ, "ಹೊಡೆದೋಳು ನಿಂತ್ಕೋಬೇಕು ಕಣೇ. ಅದನ್ನ ನಾನು ಹೇಳಿಕೊಡ್ಬೇಕಿತ್ತಾ?" ಅವಳ ಸಿಟ್ಟು ನನ್ನ ಮೇಲೋ, ಮಂಡಳಿಯ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ. ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ. ಮರುದಿನ ಅಂಗಡಿಯಲ್ಲಿ ಯಜಮಾನರು ಏನೂ ಕೇಳದೆ ಮೂರು ಚೌಕಟ್ಟು ನನ್ನ ಮುಂದಿಟ್ಟು ಹೋದರು. ಕೇಳಿದ್ದರೇ ಚೆನ್ನಾಗಿತ್ತು.

ಮುಂದಿನ ಭಾನುವಾರ ಲೀಗಿನ ಕೊನೆಯ ಪಂದ್ಯ. ಎದುರು ಅದೇ ಟಪಾಲಕ್ಕನ ತಂಡ. ಅಂಪೈರ್ ಅದೇ ಡಾಕ್ಟರು. ಕೋಚ್ ಇರಲಿಲ್ಲ, ಶಿಬಿರದ ತಯಾರಿಗೆ ಹೋಗಿದ್ದರು. ಮಂಡಳಿಯ ನಿಯಮಗಳೆಲ್ಲ ಮೊದಲಿನ ಹಾಗೇ ಇದ್ದವು. ಚೆಂಡು ಒಂದೇ.

ಟಪಾಲಕ್ಕ ಹಾಕಿದ ಮೊದಲನೇ ಚೆಂಡು ಕಾಲ ಮೇಲೆ ಬಂತು. ಎಡಗಾಲು ಮುಂದಿಟ್ಟು ಬೀಸಿದೆ. ಗೋಡೆಯ ಮೇಲಿಂದ ಸೊಗಸಾಗಿ ಹಾರಿಹೋಯಿತು. ಯಾರೂ ಕೂಗಲಿಲ್ಲ. ಡಾಕ್ಟರು ಬೆರಳೆತ್ತಿದರು, ಈ ಸಲ ನಿಧಾನವಾಗಿ, ಮನಸ್ಸಿಲ್ಲದೆ.

ನಾನು ಬ್ಯಾಟಿನ ತುದಿಯನ್ನು ಗೆರೆಯ ಮೇಲೆ ಊರಿದೆ. "ಮಿಡಲ್ ಸ್ಟಂಪ್ ಸಾರ್" ಎಂದು ಮುಂದಿನ ಚೆಂಡಿಗೆ ನಿಲ್ಲಲು ಗಾರ್ಡ್ ಕೇಳಿದೆ.

"ಔಟು ಕೊಟ್ಟಿದೀನಲ್ಲಮ್ಮಾ..."

"ಇಲ್ಲ ಸಾರ್. ಆರು."

"ರೂಲು ಇದೆ ಕಣಮ್ಮಾ."

"ಲಾಂಡ್ರಿ ಇಲ್ಲ ಸಾರ್."

ಶೆಡ್ಡಿನಿಂದ ಕಾರ್ಯದರ್ಶಿಗಳು ಏನೋ ಕೂಗಿದರು. ನಾನು ಆ ಕಡೆ ತಿರುಗಲಿಲ್ಲ. ಈ ಲೀಗಿನಿಂದಲೂ ಹೊರಗೆ ಹಾಕುತ್ತಾರೆ ಎಂದು ಗೊತ್ತಿತ್ತು. ಹಾಕಲಿ. ಹೊತ್ತುಕೊಂಡು ಹೋಗಿ ಹಾಕಲಿ. ಟಪಾಲಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

"ಲೇ, ಚೆಂಡು ಯಾರೇ ತರೋದು? ಆಟ ನಿಂತಿದೆ."

"ಔಟಾದೋಳು ತರ್ಬೇಕು. ನಾನು ಔಟಾಗಿಲ್ಲ."

ಎಲ್ಲರೂ ನಿಂತಲ್ಲೇ ನಿಂತಿದ್ದರು. ಡಾಕ್ಟರ ಬೆರಳು ಇನ್ನೂ ಮೇಲೇ ಇತ್ತು, ಇಳಿಸುವುದೋ ಬೇಡವೋ ಅವರಿಗೆ ತಿಳಿಯುತ್ತಿರಲಿಲ್ಲ. ಟಪಾಲಕ್ಕ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ "ಕರ್ಮ" ಎಂದು ಗೊಣಗಿ, ತೋಳೇರಿಸಿಕೊಂಡು, ಲಾಂಡ್ರಿ ಗೋಡೆಯ ಕಡೆ ನಡೆದಳು. ಬೀದಿ ಸುತ್ತಿ ಹೋಗಲಿಲ್ಲ. ಗೋಡೆಯ ಮೇಲೆ ಎರಡೂ ಕೈಯೂರಿ ಮೇಲಕ್ಕೆ ಹತ್ತಿದಳು.